ನಾಲ್ಕರಲ್ಲಿ ಒಂದು ಡಿಸ್ಕ್ ಸತ್ತರೆ?

ನಾಸ್ ಡಬ್ಬಕ್ಕೆ (ನೆಟ್‌ವರ್ಕ್‌ಗೆ ಜೋಡಿಸೋ ಸ್ಟೋರೇಜ್) 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಅವನ್ನೆಲ್ಲ ಒಂದೇ ಆಗಿ ಬಳಸೋ ರೇಡ್ 5 ಆರಿಸಿದ್ರಿ. ಕೈಗೆ ಸಿಗೋದು 16 ಅಲ್ಲ, 12 ಟಿಬಿ. ಪರದೆ ಮೇಲೆ ಸುಮಾರು 10.9 ಅಂತಲೂ ಕಾಣಬಹುದು. ಮೋಸ ಏನಿಲ್ಲ, ಡಿಸ್ಕ್ ಕಂಪನಿ ಎಣಿಸೋದು 1000ದ ಲೆಕ್ಕದಲ್ಲಿ, ಸಾಫ್ಟ್‌ವೇರ್ 1024ರ ಲೆಕ್ಕದಲ್ಲಿ.

ಉಳಿದ 4 ಟಿಬಿ ಎಲ್ಲಿ ಹೋಯ್ತು? ಪ್ಯಾರಿಟಿಗೆ. ಮೂರು ಡಿಸ್ಕಿನಲ್ಲಿ 1, 0, 1 ಇದೆ ಅಂದ್ಕೊಳ್ಳಿ. ಒಟ್ಟು ಒಂದುಗಳ ಸಂಖ್ಯೆ ಸಮ ಇರಲಿ ಅಂತ ನಾಲ್ಕನೆಯದರಲ್ಲಿ 0 ಬರೆಯುತ್ತೆ. ಈಗ ಮೊದಲನೇ ಡಿಸ್ಕ್ ಸತ್ತಿತು. ಉಳಿದದ್ದು 0, 1, 0. ಸಮ ಆಗ್ಬೇಕಾದ್ರೆ ಕಳೆದುಹೋದದ್ದು 1 ಆಗಿರಲೇಬೇಕು! ಇಷ್ಟೇ ಗಣಿತ. ಪ್ಯಾರಿಟಿ ಒಂದೇ ಕಡೆ ಕೂರಲ್ಲ, ನಾಲ್ಕೂ ಡಿಸ್ಕಿಗೆ ಹಂಚಿಹೋಗಿರುತ್ತೆ.

ದುಬಾರಿ ದೊಡ್ಡ ಡಿಸ್ಕ್ ಬದಲು ಅಗ್ಗದ ಚಿಕ್ಕ ಡಿಸ್ಕುಗಳ ಗುಂಪು ಸಾಕು ಅಂತ ರೇಡ್ ಕುರಿತ 1988ರ ಪ್ರಬಂಧದಲ್ಲಿ ವಾದಿಸಿದವರು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್.

ಅಪಾಯ ಇರೋದು ರೀಬಿಲ್ಡ್‌ನಲ್ಲಿ. ಹೊಸ ಡಿಸ್ಕ್ ತುಂಬಿಸೋಕೆ ಉಳಿದ ಮೂರನ್ನೂ ಓದ್ಬೇಕು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಆಗ ಇನ್ನೊಂದು ಕೈಕೊಟ್ರೆ ವಾಲ್ಯೂಮ್ ಪೂರ್ತಿ ಹೋದಂಗೆ. ದೊಡ್ಡ ಡಿಸ್ಕುಗಳಿದ್ರೆ ನನ್ನ ಓಟು ರೇಡ್ 6ಕ್ಕೆ. ಎರಡು ಸತ್ತರೂ ತಡ್ಕೊಳ್ಳುತ್ತೆ.

ಆದರೆ ನೀವೇ ಮದುವೆ ಫೋಟೊ ಫೋಲ್ಡರ್ ಡಿಲೀಟ್ ಮಾಡಿದ್ರೆ? ರೇಡ್ ಅದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತೆ. ಅದಕ್ಕೆ ಬೇರೆ ಕಡೆ ಬ್ಯಾಕಪ್ ಇರಲೇಬೇಕು.

ಇನ್ನೊಂದು ಮಾತು: ಡಿಸ್ಕ್ ಎಳೆಯೋ ಮುಂಚೆ ಸೀರಿಯಲ್ ನಂಬರ್ ನೋಡ್ಕೊಳ್ಳಿ. ಗಾಬರಿಯಲ್ಲಿ ಪಕ್ಕದ ಚೆನ್ನಾಗಿರೋದನ್ನೇ ಎಳೆದವರು ಕಮ್ಮಿ ಇಲ್ಲ.