ಅಜ್ಜಂದಿರ ಬ್ಲೂಸ್, ಮೊಮ್ಮಕ್ಕಳ ರಾಕ್

1929ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ರಾಬರ್ಟ್ ವಿಲ್ಕಿನ್ಸ್ ಎಂಬ ಆಫ್ರಿಕನ್ ಅಮೆರಿಕನ್ ಗಾಯಕ ಒಂದು ಬ್ಲೂಸ್ ಹಾಡನ್ನು ಧ್ವನಿಮುದ್ರಿಸಿದರು. ಹೆಂಗಸರು ತನ್ನನ್ನು ನಡೆಸಿಕೊಂಡ ಪರಿಯನ್ನು ಮಗನೊಬ್ಬ ಮನೆಗೆ ಹೋಗಿ ಅಮ್ಮನ ಮುಂದೆ ತೋಡಿಕೊಳ್ಳುವ ಗೋಳು ಅದು. ಹೆಸರು ‘ದಟ್ಸ್ ನೋ ವೇ ಟು ಗೆಟ್ ಅಲಾಂಗ್’. ಕೆಲವು ವರ್ಷಗಳ ನಂತರ, ತಾವು ನುಡಿಸುತ್ತಿದ್ದ ಕೂಟವೊಂದರಲ್ಲಿ ಹೊಡೆದಾಟ ನಡೆದದ್ದೇ ನೆಪವಾಗಿ ವಿಲ್ಕಿನ್ಸ್ ಬ್ಲೂಸ್ ಬಿಟ್ಟರು, ಮುಂದೆ ಚರ್ಚಿನ ಬೋಧಕರಾದರು. ಗಿಟಾರನ್ನು ಮಾತ್ರ ಬಿಡಲಿಲ್ಲ. ಹಳೆಯ ಮಟ್ಟನ್ನು ಹಾಗೇ ಉಳಿಸಿಕೊಂಡು, ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು ಅದಕ್ಕೆ ಹೊಂದಿಸಿದರು. ‘ಪ್ರಾಡಿಗಲ್ ಸನ್’ ಎಂಬ ಹೊಸ ಹೆಸರಿನಲ್ಲಿ 1964ರಲ್ಲಿ ಅದನ್ನು ಹಾಡಿದಾಗ ಸುಮಾರು ಹತ್ತು ನಿಮಿಷ ಹಿಡಿಯಿತು. ನಾಲ್ಕು ವರ್ಷ ಕಳೆದು ರೋಲಿಂಗ್ ಸ್ಟೋನ್ಸ್ ತಂಡ ಅದೇ ಹಾಡನ್ನು ತನ್ನ ‘ಬೆಗರ್ಸ್ ಬ್ಯಾಂಕ್ವೆಟ್’ ಆಲ್ಬಂಗೆ ಮೂರು ನಿಮಿಷದೊಳಗೆ ಹಾಡಿ ಮುಗಿಸಿತು.

ಹೀಗೆ ಬ್ಲೂಸ್ ಆಗಿ ಹುಟ್ಟಿ, ಗಾಸ್ಪೆಲ್ ಆಗಿ ಬೆಳೆದು, ರಾಕ್ ಆಗಿ ಜಗತ್ತು ಸುತ್ತಿದ ಹಾಡು ಇದೊಂದೇ ಅಲ್ಲ. ಬ್ಲೂಸ್ ಮತ್ತು ಗಾಸ್ಪೆಲ್ ನಡುವೆ ಸಂಗೀತದ ವ್ಯತ್ಯಾಸಕ್ಕಿಂತ ಜಾಗದ ಮತ್ತು ಮಾತಿನ ವ್ಯತ್ಯಾಸವೇ ದೊಡ್ಡದು. ಒಂದರಲ್ಲಿ ಲೌಕಿಕದ ದುಃಖ, ಇನ್ನೊಂದರಲ್ಲಿ ದೇವರ ಮೊರೆ. ಬ್ಲೂಸಿನ ರೂಢಿಯ ಚರಣಕ್ಕೆ ಮೂರು ಸಾಲು: ಮೊದಲ ಸಾಲನ್ನೇ ಇನ್ನೊಮ್ಮೆ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಗಾಸ್ಪೆಲ್‌ನಲ್ಲಿ, ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ದನಿಗೂಡಿಸುವ ಹಾಗೆ, ಕೂಗು ಮತ್ತು ಮಾರ್ದನಿಯ ಆಟ ಹೆಚ್ಚು. ಎರಡರಲ್ಲೂ ಗಾಂಧಾರವನ್ನು ಸಾಧಾರಣವೂ ಅಲ್ಲದ, ಅಂತರವೂ ಅಲ್ಲದ ನಡುವಿನ ಜಾಗದಲ್ಲಿ ಬಳುಕಿಸಿ ಹಿಡಿಯುತ್ತಾರೆ. ಪಿಯಾನೋ ಮನೆಗಳಲ್ಲಿ ಸಿಗದ ಆ ಸ್ವರ, ಗಮಕ ಕೇಳಿ ಬೆಳೆದವರ ಕಿವಿಗೆ ತಟ್ಟನೆ ಸಿಗುತ್ತದೆ.

ಈ ಹಾಡುಗಳನ್ನು ರಾಕ್‌ಗೆ ಒಗ್ಗಿಸಿದವರಲ್ಲಿ ಹೆಚ್ಚಿನವರು ಬ್ರಿಟನ್ನಿನ ಬಿಳಿಯ ಹುಡುಗರು. ಹಳೆಯ ಗ್ರಾಮಫೋನ್ ತಟ್ಟೆಗಳ ಜೊತೆಗೆ ಆ ಹಾಡುಗಾರರನ್ನು ಕಣ್ಣಾರೆ ನೋಡುವ ಅವಕಾಶವೂ ಅವರ ತಲೆಮಾರಿಗೆ ಸಿಕ್ಕಿತು. 1964ರ ಮೇ ತಿಂಗಳಲ್ಲಿ ಗ್ರಾನಡಾ ಟಿವಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣವೊಂದನ್ನು ಅಮೆರಿಕದ ದಕ್ಷಿಣದ ನಿಲ್ದಾಣದಂತೆ ಸಿಂಗರಿಸಿತು. ಒಂದು ಪ್ಲಾಟ್‌ಫಾರ್ಮಿನಲ್ಲಿ ಹಾಡುಗಾರರು, ಹಳಿಯಾಚೆಯ ಪ್ಲಾಟ್‌ಫಾರ್ಮಿನಲ್ಲಿ ಕೇಳುಗರು. ಮಳೆ ಬಂತು. ಸಿಸ್ಟರ್ ರೊಸೆಟ್ಟಾ ಥಾರ್ಪ್ ಕುದುರೆ ಗಾಡಿಯಿಂದಿಳಿದು, ಕೋಟು ತೊಟ್ಟೇ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿ, ಮಳೆಯ ಕುರಿತ ಗಾಸ್ಪೆಲ್ ‘ಡಿಡಂಟ್ ಇಟ್ ರೇನ್’ ಹಾಡಿದರು. ಐವತ್ತರ ಹೊಸ್ತಿಲಲ್ಲಿದ್ದ ಈ ಹೆಂಗಸಿನ ಗಿಟಾರ್ ಒದರಾಟ ನೋಡಿದರೆ, ರಾಕ್ ಅನ್ನುವುದು ಹುಡುಗರು ಕಂಡುಹಿಡಿದದ್ದು ಎಂಬ ಮಾತನ್ನು ಯಾರೂ ಒಪ್ಪಲಾರರು.

ರಾಕ್ ತಂಡಗಳು ಹಳೆಯ ಹಾಡಿಗೆ ಏನು ಮಾಡಿದವು ಎಂದು ತಿಳಿಯಲು ಒಂದೇ ಹಾಡು ಸಾಕು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಏರಿಗಳು ಒಡೆದು ಆರು ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಏರಿ ಕಟ್ಟುವ, ಕಾಯುವ ದುಡಿಮೆಗೆ ಕಪ್ಪು ಕೂಲಿಕಾರರನ್ನು ಬಂದೂಕು ತೋರಿಸಿ ದೂಡಲಾಗಿತ್ತು. ಎರಡು ವರ್ಷದ ಬಳಿಕ ಮೆಂಫಿಸ್ ಮಿನ್ನಿ ಮತ್ತು ಅವರ ಪತಿ ಕಾನ್ಸಾಸ್ ಜೋ ಮೆಕಾಯ್ ‘ವೆನ್ ದ ಲೆವಿ ಬ್ರೇಕ್ಸ್’ (ಏರಿ ಒಡೆದಾಗ) ಧ್ವನಿಮುದ್ರಿಸಿದರು. ಎರಡು ಗಿಟಾರು, ಜೋ ಅವರ ಒಂದು ಕಂಠ, ಅಷ್ಟೇ. ವಿಚಿತ್ರವೆಂದರೆ ಮಿನ್ನಿಯ ಬೆರಳುಗಳಲ್ಲಿ ಲಯ ಕುಣಿಯುತ್ತಲೇ ಇರುತ್ತದೆ. ದುರಂತವನ್ನು ನಡೆಯುತ್ತಾ ಹೇಳಿಕೊಂಡು ಹೋದಂತಿದೆ. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದೇ ಮೂರು ನಿಮಿಷ ಚಿಲ್ಲರೆ.

ಲೆಡ್ ಜೆಪ್ಲಿನ್ ಎಂಬ ರಾಕ್ ತಂಡ ಹಾಡಿದ ಇದೇ ಹಾಡು 1971ರಲ್ಲಿ ಬಿಡುಗಡೆಯಾಯಿತು, ಅದು ಏಳು ನಿಮಿಷದ್ದು. ಅದರಲ್ಲಿ ಪ್ರವಾಹವನ್ನು ಡ್ರಮ್ಮೇ ಹೇಳುತ್ತದೆ. ಧ್ವನಿಮುದ್ರಣ ನಡೆದದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಕಟ್ಟಡದಲ್ಲಿ. ಹಿಂದೆ ಅದು ದಿಕ್ಕಿಲ್ಲದ ಬಡವರನ್ನು ದುಡಿಮೆಗೆ ಹಚ್ಚಿ ಇಡುತ್ತಿದ್ದ ಮನೆ. ಡ್ರಮ್ಮರ್ ಜಾನ್ ಬಾನಂ ಮೆಟ್ಟಿಲ ಬುಡದ ಹಜಾರದಲ್ಲಿ ಕುಳಿತರು. ಎಂಜಿನಿಯರ್ ಆಂಡಿ ಜಾನ್ಸ್ ಮೈಕ್‌ಗಳನ್ನು ಡ್ರಮ್ ಹತ್ತಿರ ಇಡುವ ಬದಲು ಮೇಲಿನ ಅಂತಸ್ತಿನಿಂದ ಎರಡೇ ಎರಡನ್ನು ಇಳಿಬಿಟ್ಟರು. ಪೆಟ್ಟು ಗೋಡೆಗೆ ಬಡಿದು ಮೇಲೇರಿ ಮೈಕಿಗೆ ಸಿಗಬೇಕು. ಅದಕ್ಕೆ ಪ್ರತಿಧ್ವನಿ ಯಂತ್ರದ ಸದ್ದು ಬೆರೆಸಿ, ಟೇಪಿನ ವೇಗ ತಗ್ಗಿಸಿದರು. ಮಂದಗತಿಯಲ್ಲಿ ಉರುಳಿ ಬರುವ ಆ ಸದ್ದಿನ ಮೇಲೆ ಹಾರ್ಮೋನಿಕಾ ಅಳುತ್ತದೆ. ಮೂಲದ ಗಿಟಾರ್ ಪಟ್ಟು ಇಲ್ಲಿಲ್ಲ, ನಡೆ ಇಲ್ಲ, ಲಯವೂ ಬೇರೆ. ಉಳಿದದ್ದು ಮಾತುಗಳಲ್ಲಿ ಒಂದಷ್ಟು, ಮತ್ತು ನೀರು ಏರುತ್ತಿದೆಯೆಂಬ ಭಯ. ಮರುಸೃಷ್ಟಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾಡು ಬರೆದವರ ಸಾಲಿನಲ್ಲಿ ಮೆಂಫಿಸ್ ಮಿನ್ನಿಯ ಹೆಸರೂ ಇದೆ.

ಎಲ್ಲ ಸಲ ಹಾಗಾಗಲಿಲ್ಲ. ಟೆಕ್ಸಾಸ್‌ನ ಬ್ಲೈಂಡ್ ವಿಲ್ಲಿ ಜಾನ್ಸನ್ ಕಣ್ಣು ಕಾಣದ ಬೀದಿ ಗಾಯಕ, ಬೋಧಕ. 1927ರ ಡಿಸೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಅವರು ಹಾಡಿದ ‘ನೋಬಡೀಸ್ ಫಾಲ್ಟ್ ಬಟ್ ಮೈನ್’ನಲ್ಲಿ ಒರಟು ಕಂಠ ಸಾಲನ್ನು ಅರ್ಧಕ್ಕೆ ಬಿಟ್ಟರೆ, ಉಳಿದರ್ಧವನ್ನು ಸ್ಲೈಡ್ ಗಿಟಾರ್ ಹಾಡಿಬಿಡುತ್ತದೆ. ಬೈಬಲ್ ಓದದೆ ಆತ್ಮ ಕೆಟ್ಟರೆ ತಪ್ಪು ತನ್ನದೇ ಎನ್ನುವುದು ಅದರ ತಿರುಳು. 1976ರಲ್ಲಿ ಇದೇ ಲೆಡ್ ಜೆಪ್ಲಿನ್ ಹಾಡಿದಾಗ ಬೈಬಲ್ ಮಾಯವಾಗಿ, ಸೈತಾನ ಮತ್ತು ವ್ಯಸನ ಬಂದವು. ಗಿಟಾರೂ ಕಂಠವೂ ಕೂಡಿ ನರಳುವ ಆರಂಭ ಮಾತ್ರ ಜಾನ್ಸನ್ನರ ನೆರಳೇ. ಹಾಡು ಬರೆದವರೆಂದು ಮುದ್ರಿಸಿದ್ದು ಜಿಮ್ಮಿ ಪೇಜ್ ಮತ್ತು ರಾಬರ್ಟ್ ಪ್ಲಾಂಟ್ ಎಂಬ ಎರಡೇ ಹೆಸರು.

ಹಾಗೆ ನೋಡಿದರೆ ಜಾನ್ಸನ್ ಕೂಡ ಚರ್ಚುಗಳಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ಹಾಡುಗಳನ್ನು ಎತ್ತಿಕೊಂಡವರೇ. ಈ ಪರಂಪರೆಯಲ್ಲಿ ಎರವಲು ಅವಮಾನವಲ್ಲ. ತಕರಾರು ಇರುವುದು ರಾಯಲ್ಟಿಯಲ್ಲಿ. ಎಲ್ಲರ ಹಾಡು ಒಬ್ಬರ ಹೆಸರಿಗೆ ನೋಂದಣಿಯಾದ ಮರುಕ್ಷಣ ದುಡ್ಡು ಅತ್ತ ಹರಿಯುತ್ತದೆ. ‘ಪ್ರಾಡಿಗಲ್ ಸನ್’ ಮೊದಲು ಬಂದಾಗ ರೋಲಿಂಗ್ ಸ್ಟೋನ್ಸ್ ತಂಡದ ಜಾಗರ್ ಮತ್ತು ರಿಚರ್ಡ್ಸ್ ರಚನೆಯೆಂದೇ ಅಚ್ಚಾಗಿತ್ತು. ವಿಲ್ಕಿನ್ಸ್ ಹೆಸರು ಸೇರಿದ್ದು ಆಮೇಲೆ. ‘ಹೋಲ್ ಲಾಟ ಲವ್’ ವಿಚಾರದಲ್ಲಿ ಬ್ಲೂಸ್ ರಚನೆಕಾರ ವಿಲ್ಲಿ ಡಿಕ್ಸನ್ 1985ರಲ್ಲಿ ಲೆಡ್ ಜೆಪ್ಲಿನ್ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು. ಮೊಕದ್ದಮೆ ರಾಜಿಯಲ್ಲಿ ಮುಗಿದು ಅವರಿಗೆ ಹೆಸರೂ ಹಣವೂ ದಕ್ಕಿದವು. ಆದರೆ ಕ್ರೀಮ್ ಎಂಬ ರಾಕ್ ತಂಡ 1966ರಲ್ಲೇ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್ ಅವರ ‘ಐ ಆ್ಯಮ್ ಸೋ ಗ್ಲ್ಯಾಡ್’ ಹಾಡಿದಾಗ ಹೆಸರು ಸರಿಯಾಗಿಯೇ ಹಾಕಿತು, ಕೊನೆಯ ದಿನಗಳಲ್ಲಿದ್ದ ಆ ಮುದುಕರಿಗೆ ರಾಯಲ್ಟಿ ತಲುಪಿತು. ಅಂದರೆ ಆಗಲೂ ಅದು ಸಾಧ್ಯವಿತ್ತು.

ಜಾನ್ಸನ್ 1945ರಲ್ಲಿ ಬಡತನದಲ್ಲೇ ತೀರಿಕೊಂಡರು. ಅವರ ಮಾತಿಲ್ಲದ ನರಳಿಕೆ ‘ಡಾರ್ಕ್ ವಾಸ್ ದ ನೈಟ್’ 1977ರಲ್ಲಿ ವಾಯೇಜರ್ ನೌಕೆಗಳ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಆ ನರಳಿಕೆಯನ್ನೇ ತಳಹದಿ ಮಾಡಿಕೊಂಡು ಗಿಟಾರ್ ವಾದಕ ರೈ ಕೂಡರ್ 1984ರ ‘ಪ್ಯಾರಿಸ್, ಟೆಕ್ಸಾಸ್’ ಚಿತ್ರಕ್ಕೆ ಸಂಗೀತ ಕೊಟ್ಟರು. ಮುಂದೆ ಕ್ಯಾಲಿಫೋರ್ನಿಯಾದ ಚರ್ಚೊಂದರಲ್ಲಿ ವಿಶ್ವಮೋಹನ ಭಟ್ಟರ ಮೋಹನವೀಣೆಯ ಜೊತೆ ಕೂತು ಅವರು ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ಗೆ ಗ್ರ್ಯಾಮಿ ಬಂತು.

ಕುತೂಹಲ ಹುಟ್ಟಿದವರು ಮಿನ್ನಿ ದಂಪತಿಯ ‘ಲೆವಿ’ಯನ್ನು ಮೊದಲು ಕೇಳಿ, ಲೆಡ್ ಜೆಪ್ಲಿನ್ ಅವರದನ್ನು ಆಮೇಲೆ. ಎರಡೂ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಸೇರಿಸಿ ಹತ್ತೂವರೆ ನಿಮಿಷ ಸಾಕು.