ಬ್ರಿಟಿಷ್ ಪೌರತ್ವ: ಭಾಷೆಯ ನಿಬಂಧನೆಯೂ ಶುಲ್ಕವೂ

ಪರದೇಶೀಯನೊಬ್ಬನನ್ನು ತನ್ನ ಪ್ರಜೆಯೆಂದು ಅಂಗೀಕರಿಸುವಾಗ ರಾಜ್ಯವು ಅವನಿಂದ ಏನನ್ನು ಅಪೇಕ್ಷಿಸಬೇಕು ಎಂಬ ಪ್ರಶ್ನೆಗೆ ಬ್ರಿಟನ್ನು ಕೊಟ್ಟ ಉತ್ತರ ಕಾಲಕಾಲಕ್ಕೆ ಬೇರೆಯಾಗಿದೆ. ಭಾಷೆಯ ನಿಬಂಧನೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಶುಲ್ಕವನ್ನು ಗುಮಾಸ್ತರ ಲೆಕ್ಕವೆಂದು ಬದಿಗಿಡುವುದೇ ವಾಡಿಕೆ. ಎರಡನ್ನೂ ಜೊತೆಗಿಟ್ಟು ನೋಡಿದ ಹೊರತು ಈ ಬದಲಾವಣೆಯ ನಿಜಸ್ವರೂಪ ತಿಳಿಯದೆಂಬುದು ನಮ್ಮ ಅಭಿಪ್ರಾಯ.

1844ಕ್ಕೆ ಮುಂಚೆ ವಿದೇಶೀಯನು ಪೂರ್ಣ ಪ್ರಜಾತ್ವವನ್ನು ಹೊಂದಬೇಕಾದರೆ ಅವನಿಗಾಗಿಯೇ ಪಾರ್ಲಿಮೆಂಟು ಖಾಸಗಿ ಶಾಸನವೊಂದನ್ನು ಅಂಗೀಕರಿಸಬೇಕಾಗಿತ್ತು. ಧನಿಕರಲ್ಲದವರಿಗೆ ಅದು ಎಟುಕುವ ಮಾತಲ್ಲ. ಆ ವರ್ಷದ ಶಾಸನವು ಪ್ರಮಾಣಪತ್ರ ನೀಡುವ ಅಧಿಕಾರವನ್ನು ಗೃಹಸಚಿವನಿಗೆ ಕೊಟ್ಟಿತು; 1870ರ ಶಾಸನವು ಐದು ವರ್ಷಗಳ ವಾಸವನ್ನು ವಿಧಿಸಿತು. ಎರಡರಲ್ಲಿಯೂ ಭಾಷೆಯ ಪ್ರಸ್ತಾಪವಿಲ್ಲ. 1874ರಲ್ಲಿ ಕಾರ್ಲ್ ಮಾರ್ಕ್ಸನ ಅರ್ಜಿ ತಿರಸ್ಕೃತವಾದದ್ದು ಅವನ ರಾಜನಿಷ್ಠೆಯನ್ನು ಶಂಕಿಸಿದ ಪೊಲೀಸ್ ವರದಿಯಿಂದ. ಅವನ ಇಂಗ್ಲಿಷು ಎಂತಹುದೆಂದು ಯಾರೂ ಕೇಳಲಿಲ್ಲ.

ಭಾಷೆ ಶಾಸನದೊಳಗೆ ಬಂದದ್ದು 1914ರಲ್ಲಿ. ಅರ್ಜಿದಾರನಿಗೆ ಇಂಗ್ಲಿಷಿನ ‘ಸಮರ್ಪಕ ಜ್ಞಾನ’ ಇರತಕ್ಕದ್ದೆಂದು ಆ ವರ್ಷದ ಶಾಸನ ಹೇಳಿತೇ ಹೊರತು ಸಮರ್ಪಕವೆಂದರೆ ಎಷ್ಟೆಂಬುದನ್ನು ಹೇಳಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಯ ಕಿವಿಯೇ ಅಳತೆಗೋಲಾಯಿತು.

ಈ ನಿಬಂಧನೆ ಬಹುಕಾಲ ಭಾರತೀಯರನ್ನು ಮುಟ್ಟಲಿಲ್ಲ. 1948ರ ಶಾಸನದಂತೆ ಕಾಮನ್‌ವೆಲ್ತ್ ದೇಶದವನು ಒಂದು ವರ್ಷ ಅಲ್ಲಿ ವಾಸವಿದ್ದರೆ ಹೆಸರನ್ನು ನೋಂದಾಯಿಸಿ ಪೌರನಾಗಬಹುದಿತ್ತು. ಭಾಷೆಯ ಪರೀಕ್ಷೆ ವಿದೇಶೀಯರಿಗೆ ಮಾತ್ರ. 1962ರಲ್ಲಿ ಒಂದು ವರ್ಷ ಐದಾಯಿತು. 1971ರ ಶಾಸನದಿಂದ ಕ್ಷೀಣಿಸಿದ ಈ ಸೌಲಭ್ಯವು 1983ರ ಜನವರಿ 1ರಂದು ಜಾರಿಗೆ ಬಂದ 1981ರ ಶಾಸನದಿಂದ ಕೊನೆಗಂಡಿತು. ಇಂಗ್ಲಿಷಿಗೆ ಬದಲಾಗಿ ವೆಲ್ಷ್ ಅಥವಾ ಸ್ಕಾಟಿಷ್ ಗೇಲಿಕ್ ಭಾಷೆ ತಿಳಿದಿದ್ದರೂ ಸಾಕೆಂದು ಈ ಶಾಸನ ಔದಾರ್ಯ ತೋರಿದೆ. ಪಂಜಾಬಿನಿಂದಲೋ ಸಿಲ್ಹೆಟ್ಟಿನಿಂದಲೋ ಬಂದವನಿಗೆ ಇದರಿಂದಾದ ಉಪಕಾರ ಅಷ್ಟರಲ್ಲೇ ಇದೆ.

2002ರ ಶಾಸನವು ಬ್ರಿಟಿಷ್ ಪೌರರ ಪತಿಪತ್ನಿಯರಿಗೆ ಭಾಷೆಯ ವಿಷಯದಲ್ಲಿದ್ದ ವಿನಾಯಿತಿಯನ್ನು ತೆಗೆದುಹಾಕಿತು. 2005ರ ನವೆಂಬರಿನಲ್ಲಿ ಬ್ರಿಟಿಷ್ ಜನಜೀವನವನ್ನು ಕುರಿತ, 24 ಪ್ರಶ್ನೆಗಳ ಪರೀಕ್ಷೆ ಆರಂಭವಾಯಿತು. ಆಗ ಒಂದು ಸದಯವಾದ ಏರ್ಪಾಡಿತ್ತು: ಇಂಗ್ಲಿಷು ಸಾಲದವನು ತರಗತಿಗೆ ಸೇರಿ, ತಾನಿದ್ದ ಮಟ್ಟದಿಂದ ಒಂದು ಮೆಟ್ಟಿಲು ಮೇಲೇರಿದರೆ ಸಾಕಾಗುತ್ತಿತ್ತು. ಅಕ್ಷರ ಬಾರದ ಮುದುಕಿಯ ಶ್ರಮಕ್ಕೂ ಅಲ್ಲಿ ಬೆಲೆಯಿತ್ತು. 2013ರ ಅಕ್ಟೋಬರ್ 28ರಿಂದ ಅದು ನಿಂತುಹೋಗಿ, ಪರೀಕ್ಷೆಯ ಜೊತೆಗೆ ಐರೋಪ್ಯ ಮಾಪನದ ‘ಬಿ1’ ಮಟ್ಟದ ಸಂಭಾಷಣಾ ಸಾಮರ್ಥ್ಯವೂ ಕಡ್ಡಾಯವಾಯಿತು. ಜಮೈಕ, ಆಸ್ಟ್ರೇಲಿಯ ಮೊದಲಾದ ದೇಶಗಳ ಪ್ರಜೆಗಳಿಗೆ ಇದರಿಂದ ವಿನಾಯಿತಿಯುಂಟು. ಆ ಪಟ್ಟಿಯಲ್ಲಿ ಭಾರತವಿಲ್ಲ. ಮೈಸೂರಿನಲ್ಲೋ ಧಾರವಾಡದಲ್ಲೋ ಇಂಗ್ಲಿಷಿನಲ್ಲಿಯೇ ಓದಿದ ಪದವೀಧರನು ತನ್ನ ಪದವಿ ಬ್ರಿಟಿಷ್ ಪದವಿಗೆ ಸಮಾನವೆಂದೂ ಅದರ ಬೋಧನೆ ಇಂಗ್ಲಿಷಿನಲ್ಲಿ ನಡೆದಿತ್ತೆಂದೂ ದೃಢಪಡಿಸಬೇಕು, ಇಲ್ಲವೇ ಪರೀಕ್ಷೆಗೆ ಕೂರಬೇಕು.

ಇನ್ನು ಶುಲ್ಕದ ಮಾತು. ಅರ್ಜಿಯ ಪರಿಶೀಲನೆಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ವಸೂಲು ಮಾಡಲು 2004ರ ಶಾಸನ ಅವಕಾಶವಿತ್ತಿತು. 2014ರ ವಲಸೆ ಶಾಸನ ಅದನ್ನು ಮುಂದುವರಿಸಿತು. ಭಾಷೆಯ ನಿಬಂಧನೆಯ ಮೂಲವಾದರೂ ಪಾರ್ಲಿಮೆಂಟಿನ ಶಾಸನದಲ್ಲಿ ಕಾಣಿಸುತ್ತದೆ. ಶುಲ್ಕದ ಮೊತ್ತ ನಿಯಮಾವಳಿಯಲ್ಲಿ, ಹೆಚ್ಚಿನ ಚರ್ಚೆಯಿಲ್ಲದೆ, ಏರುತ್ತದೆ. ವಯಸ್ಕರಿಗೆ ಪ್ರಮಾಣವಚನ ಸಮಾರಂಭದ ಹಣ ಸೇರಿ 2023ರ ಸೆಪ್ಟೆಂಬರಿನಲ್ಲಿ 1,330 ಪೌಂಡುಗಳಿದ್ದ ಶುಲ್ಕವು 2025ರ ಏಪ್ರಿಲಿನಲ್ಲಿ 1,735 ಪೌಂಡುಗಳಾಯಿತು. ನಮ್ಮ 1955ರ ಪೌರತ್ವ ಶಾಸನದ 9ನೆಯ ಕಲಮಿನಂತೆ ಸ್ವದೇಶದ ಪೌರತ್ವವೂ ಹೋಗುವುದರಿಂದ ಭಾರತೀಯನು ತೆರುವ ಬೆಲೆ ಪೌಂಡುಗಳಲ್ಲಿಯೇ ಮುಗಿಯುವುದಿಲ್ಲವೆನ್ನಿ.

ಈ ಶುಲ್ಕದ ಸ್ವರೂಪ ಹೆಚ್ಚು ಸ್ಪಷ್ಟವಾಗುವುದು ಮಕ್ಕಳ ವಿಷಯದಲ್ಲಿ. ಅಲ್ಲಿಯೇ ಹುಟ್ಟಿ ಹತ್ತು ವರ್ಷ ಬೆಳೆದ ಮಗುವಿಗೆ ನೋಂದಣಿಯ ಹಕ್ಕುಂಟು. ಭಾಷೆಯ ನಿಬಂಧನೆಯಿಲ್ಲ, ಇದ್ದರೂ ತೊಡಕಾಗುತ್ತಿರಲಿಲ್ಲ, ಏಕೆಂದರೆ ಇಂಗ್ಲಿಷು ಅದರ ಶಾಲೆಯ ಮಾತು. ಆದರೆ 2019ರಲ್ಲಿ ಈ ನೋಂದಣಿಯ ಶುಲ್ಕ 1,012 ಪೌಂಡು. ಸರ್ಕಾರವೇ ಲೆಕ್ಕ ಹಾಕಿದ ವೆಚ್ಚ 372 ಪೌಂಡು. ಶುಲ್ಕವನ್ನು ನಿಗದಿಮಾಡುವಾಗ ಮಕ್ಕಳ ಹಿತವನ್ನು ಪರಿಗಣಿಸಿಲ್ಲವೆಂದು ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು. ಅಷ್ಟು ಶುಲ್ಕ ವಿಧಿಸುವ ಅಧಿಕಾರವನ್ನು ಪಾರ್ಲಿಮೆಂಟೇ ಕೊಟ್ಟಿದೆಯೆಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ಜೂನಿನಲ್ಲಿ, ಹಣ ತೆರಲಾರದ ಮಕ್ಕಳಿಗೆ ಶುಲ್ಕವನ್ನು ಮನ್ನಾ ಮಾಡುವ ನಿಯಮ ಬಂದಿತು. ಅವರ ತಾಯಿತಂದೆಯರಿಗೆ ಆ ನಿಯಮ ಅನ್ವಯಿಸಲಿಲ್ಲ.