ಎದೆ ಎಕೋ ಆಯ್ತು, ಮತ್ತೆ ಗಂಟಲ ಎಕೋ ಯಾಕೆ?

‘ಎದೆ ಮೇಲೆ ಎಕೋ ಮಾಡಿ ಕ್ಲಾಟ್ ಕಾಣಿಸ್ತಿಲ್ಲ ಅಂದ್ರು. ಈಗ ಬಾಯಿಂದ ಪೈಪ್ ಹಾಕಿ ಇನ್ನೊಂದು ಎಕೋ ಅಂತಾರೆ. ಬಿಲ್ ಜಾಸ್ತಿ ಮಾಡೋಕಲ್ವಾ?’

ಬಸ್ ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿ ಮಾಲೀಕರು ಫೈಲ್ ಮುಂದಿಟ್ಟು ಕೇಳಿದ ಪ್ರಶ್ನೆ ಇದು. ಅವರ ಪತ್ನಿಗೆ ಹೃದಯದ ಕವಾಟ ಕಿರಿದಾಗಿದೆ, ಬಲೂನ್ ಚಿಕಿತ್ಸೆ ಆಗಬೇಕಿದೆ. ಅನುಮಾನ ಸಹಜ. ಆದ್ರೆ ಈ ಟೆಸ್ಟ್ ಬಿಡುವಂಥದ್ದಲ್ಲ.

ಎಕೋ ಅಂದ್ರೆ ಇಸಿಜಿ ಅಲ್ಲ. ಇಸಿಜಿ ಹೃದಯದ ಕರೆಂಟ್ ನೋಡುತ್ತೆ. ಎಕೋದಲ್ಲಿ ನಮ್ಮ ಕಿವಿಗೆ ಕೇಳದ ಶಬ್ದದ ಅಲೆ ಒಳಗೆ ಹೋಗಿ ವಾಪಸ್ ಬಂದು ಚಿತ್ರ ಆಗುತ್ತೆ. ಗರ್ಭಿಣಿಯರ ಸ್ಕ್ಯಾನಿಂಗ್ ಇದ್ದ ಹಾಗೆ, ಎಕ್ಸ್‌ರೇ ಕಿರಣ ಇಲ್ಲ. ಹಾರ್ಟ್ ಅಟ್ಯಾಕ್ ಆದ ಮೇಲೆ ಹೃದಯದ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಸಾಮಾನ್ಯವಾಗಿ ಎದೆ ಎಕೋದಲ್ಲೇ ಕಾಣುತ್ತೆ.

ತೊಂದರೆ ಇರೋದು ಎಡ ಮೇಲ್ಕೋಣೆಯದ್ದು. ಅದು ಹೃದಯದ ಹಿಂಭಾಗದಲ್ಲಿದೆ. ಅದರ ಪಕ್ಕಕ್ಕೆ ಅಂಗಿ ಜೇಬಿನಂಥ ಸಣ್ಣ ಚೀಲ ಇದೆ. ಕವಾಟ ಕಿರಿದಾದ್ರೆ, ಇಲ್ಲವೇ ಬಡಿತ ಲಯ ತಪ್ಪಿದ್ರೆ, ಆ ಜೇಬಲ್ಲಿ ರಕ್ತ ನಿಂತ ನೀರಿನಂತಾಗಿ ಹೆಪ್ಪುಗಟ್ಟುತ್ತೆ. ಎದೆ ಕಡೆಯಿಂದ ನೋಡಿದ್ರೆ ಪಕ್ಕೆಲುಬು, ಶ್ವಾಸಕೋಶದ ಗಾಳಿ ಅಡ್ಡ. ಅನ್ನನಾಳ ಮಾತ್ರ ಆ ಕೋಣೆಗೆ ಅಂಟಿಕೊಂಡೇ ಇಳಿಯುತ್ತೆ. ಅದಕ್ಕೇ ಬೆರಳು ದಪ್ಪದ ಪೈಪಿನ ತುದಿಯಲ್ಲಿ ಪ್ರೋಬ್ ಇಟ್ಟು ಗಂಟಲಿಂದ ಇಳಿಸೋದು. ಇದಕ್ಕೆ ಟಿಇಇ ಅಂತಾರೆ.

ಕ್ಲಾಟ್ ಇರೋದು ಗೊತ್ತಾಗದೆ ಬಲೂನ್ ಹಾಕಿದ್ರೆ, ತೂರಿಸಿದ ನಳಿಕೆ ತಗುಲಿ ಅದು ಕಿತ್ತು ಮೆದುಳಿಗೆ ಹೋಗಬಹುದು. ಅಲ್ಲಿಗೆ ಪಾರ್ಶ್ವವಾಯು. ಕಂಡುಬಂದ್ರೆ ಸಾಮಾನ್ಯವಾಗಿ ಬಲೂನ್ ಮುಂದಕ್ಕೆ ಹಾಕಿ, ರಕ್ತ ತೆಳು ಮಾಡೋ ಮಾತ್ರೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ನೋಡ್ತಾರೆ.

ಸಾಮಾನ್ಯವಾಗಿ 6 ಗಂಟೆ ಖಾಲಿ ಹೊಟ್ಟೆ ಇರಬೇಕು. ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೀತಾರೆ, ಮಂಪರಿನ ಇಂಜೆಕ್ಷನ್ ಕೊಡೋದೂ ಉಂಟು. ಕಟ್ಟಿಸಿದ ಹಲ್ಲಿದ್ರೆ, ನುಂಗೋಕೆ ಕಷ್ಟ ಇದ್ರೆ ಮೊದಲೇ ಹೇಳಿ. ಮರಗಟ್ಟಿದ್ದು ಹೋಗೋವರೆಗೆ ನೀರೂ ಕುಡಿಯೋ ಹಾಗಿಲ್ಲ. ಊರಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಆಗೋ ಕೆಲಸ ಅಲ್ಲ ಇದು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ಹೃದ್ರೋಗ ಆಸ್ಪತ್ರೆಗೇ ಹೋಗಬೇಕು.

ಇನ್ನೊಂದು ಮಾತು. ‘ಕ್ಲಾಟ್ ಇಲ್ಲ’ ಅಂತ ಬಂದ ರಿಪೋರ್ಟ್ ಆ ದಿನದ್ದು ಮಾತ್ರ. ಅದನ್ನ ನೋಡಿ ರಕ್ತ ತೆಳು ಮಾಡೋ ಮಾತ್ರೆ ನೀವಾಗೇ ನಿಲ್ಲಿಸಬೇಡಿ. ನಮ್ಮಲ್ಲಿ ಹೀಗೆ ನಿಲ್ಲಿಸೋರು ಕಮ್ಮಿ ಇಲ್ಲ.

ಅಂಗಡಿ ಮಾಲೀಕರು ಒಪ್ಪಿದ್ದಾರೆ. ಬುಧವಾರ ಬೆಳಗಿನ ಜಾವದ ಬಸ್ಸಿಗೆ ಹೊರಡ್ತಾರೆ. ದಾರೀಲಿ ಕಾಫಿ ಇಲ್ಲ ಅನ್ನೋದೇ ಅವರ ಪತ್ನಿಗೆ ಈಗಿರೋ ಬೇಜಾರು.